ಎರಡು ಸಲ ಬಿಟ್ಟವಳಿಗೆ ಮೂರನೇ ಚೆಂಡು

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಅಲ್ಲಾಳಸಂದ್ರ ಕೆರೆಯ ಹತ್ತಿರದ ಮೈದಾನ. ಹಾಜರಿದ್ದವರು: ಐದೈದರ ಎರಡು ತಂಡವಾಗಿ ಹತ್ತು ಹುಡುಗಿಯರು, ಕೋಚ್ ರವಿ, ಮಡಚುವ ಕುರ್ಚಿಯ ಮೇಲೆ ನಾನು. (ಏಳಕ್ಕೆ ಶುರು ಎಂದಿದ್ದರು. ಐದು ನಿಮಿಷ ತಡ. ಅದನ್ನೂ ಬರೆದುಕೊಂಡೆ.)

ಆಟ ಫ್ಲ್ಯಾಗ್ ಫುಟ್‌ಬಾಲ್. ಹೆಸರು ಕೇಳಿ ಕಾಲಿನ ಆಟ ಎಂದುಕೊಳ್ಳಬೇಡಿ. ಸುಲಿದ ತೆಂಗಿನಕಾಯಿಯಂಥ ಚೆಂಡು, ಕೈಯಲ್ಲೇ ಎಸೆತ. ಎಸೆಯುವವಳು ಕ್ವಾರ್ಟರ್‌ಬ್ಯಾಕ್. ಎದುರಾಳಿಯೊಬ್ಬಳು ನುಗ್ಗಿ ಬರುತ್ತಿರುವಾಗಲೇ, ಏಳು ಸೆಕೆಂಡಿನೊಳಗೆ, ತನ್ನವರಲ್ಲಿ ಯಾರಿಗೆ ಎಂದು ತೀರ್ಮಾನಿಸಿ ಎಸೆಯಬೇಕು.

ಅಲ್ಲಿ ನನಗೇನು ಕೆಲಸ? ರವಿ ಸಹಕಾರನಗರದಲ್ಲಿ ನಮ್ಮ ಪಕ್ಕದ ಮನೆಯವರು. ರಾಜ್ಯ ತಂಡದ ಆಯ್ಕೆಗೆ ಒಬ್ಬಳೇ ಕ್ವಾರ್ಟರ್‌ಬ್ಯಾಕ್ ಹೆಸರು ಕಳಿಸಬೇಕು. ಇರುವವರು ಇಬ್ಬರು, ಇಬ್ಬರೂ ಅವರ ಶಿಷ್ಯೆಯರು. "ನಾನು ಮಾರ್ಕ್ಸ್ ಹಾಕಿದ್ರೆ ಪಕ್ಷಪಾತ ಅಂತಾರೆ. ನೀವೇ ಬನ್ನಿ ಸಿಸ್ಟರ್" ಎಂದರು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಚಾರ್ಟ್ ಬರೆದವಳಿಗೆ ಹಾಳೆ ಕೊಟ್ಟರೆ ಬಿಡುತ್ತಾಳೆಯೇ?

ಹಾಳೆಯಲ್ಲಿ ಎರಡೇ ಕಾಲಂ. ಎಸೆದದ್ದು, ಹಿಡಿದದ್ದು.

ಒಬ್ಬಳು ಪ್ರಿಯಾ. ಹತ್ತಿರದವರಿಗೆ ಚಿಕ್ಕ ಚಿಕ್ಕ ಎಸೆತ, ಎಲ್ಲವೂ ಕೈ ಸೇರಿದವು. (ಆಟ ಹೆಚ್ಚು ಮುಂದೆ ಸಾಗಲಿಲ್ಲ. ಅದಕ್ಕೆ ಕಾಲಂ ಇಲ್ಲ.) ಇನ್ನೊಬ್ಬಳು ಗದಗಿನ ಸುನಂದಾ. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಾಳೆ. ಕಾಲೇಜಿನ ಕೊನೆಯ ವರ್ಷ, ಆಯ್ಕೆಗೂ ಇದೇ ಕೊನೆಯ ಅವಕಾಶವಂತೆ.

ನಾಡಿ ನೋಡುತ್ತಿದ್ದ ಹಳೆಯ ವಾಚು ಹಿಡಿದು ಎಣಿಸಿದೆ. ನಾಲ್ಕು, ಐದು. ಎದುರಾಳಿ ಎರಡೇ ಮಾರು ದೂರ. ಸುನಂದಾ ಕದಲಲಿಲ್ಲ. ಕಣ್ಣು ಮಾತ್ರ ಮೈದಾನವಿಡೀ ಸುತ್ತಿತು. ಆರಕ್ಕೆ ಎಸೆದಳು, ಅದೂ ಯಾರೂ ಇಲ್ಲದ ಜಾಗಕ್ಕೆ. ಅಷ್ಟರಲ್ಲಿ ಅವಳ ತಂಡದ ಮೇಘಾ ಓಡಿ ಬಂದಳು, ಚೆಂಡು ನೇರ ಅಂಗೈಗೆ! ವಾಚು ನೋಡುವುದನ್ನೇ ಮರೆತೆ.

ಮೇಘಾ ಕೈಬಿಟ್ಟಳು. ಸುನಂದಾಳ ಹೆಸರಿನ ಮುಂದೆ ಸೊನ್ನೆ ಬರೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಮೇಘಾಗೆ. ಮತ್ತೆ ಬಿತ್ತು. ಸೊನ್ನೆ. ಮೇಘಾ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಕೊನೆಯ ಎಸೆತ. ಹಿಡಿದರೆ ಗೆಲುವು. ನೀವಾಗಿದ್ದರೆ ಯಾರಿಗೆ ಎಸೆಯುತ್ತಿದ್ದಿರಿ? ನಾನಂತೂ ಮೇಘಾಗೆ ಎಸೆಯುತ್ತಿರಲಿಲ್ಲ.

ಸುನಂದಾ ಮೇಘಾಗೇ ಎಸೆದಳು. ಮೂರನೆಯದೂ ಬಿತ್ತು. ಸೊನ್ನೆ.

ಆಟ ಮುಗಿದ ಮೇಲೆ ಕರೆದು ಕೇಳಿದೆ. "ಎರಡು ಸಲ ಬಿಟ್ಟೋಳಿಗೇ ಯಾಕಮ್ಮ ಎಸೆದೆ?"

ನೀರಿನ ಬಾಟಲಿ ಇಳಿಸಿದಳು. "ಆಕಿ ಸುತ್ತ ಯಾರೂ ಇರಲಿಲ್ಲರೀ. ಮತ್ತ ಬಿಡತಾಳ ಅಂತ ಹೆದರಿ ಬ್ಯಾರೇದಾಕಿಗೆ ಒಗದಿದ್ರ, ಅದು ನನ್ನ ತಪ್ಪು ಆಗತಿತ್ತು."

ಒತ್ತಡ ಬಂದಾಗ ಸರಿಯಾದದ್ದನ್ನು ಬಿಟ್ಟು, ನಾಳೆ ಯಾರೂ ಬೈಯದಂಥದ್ದನ್ನು ಮಾಡಿದವರನ್ನು ಎಷ್ಟೋ ಕಂಡಿದ್ದೇನೆ. (ಕೆಲವು ಸಲ ಕನ್ನಡಿಯಲ್ಲಿ.) ಇವಳೋ, ಕೊನೆಯ ಅವಕಾಶದ ಕೊನೆಯ ಸೆಕೆಂಡಿನಲ್ಲೂ ಸರಿಯಾದದ್ದನ್ನೇ ಮಾಡಿದಳು.

ಆಸ್ಪತ್ರೆ ಚಾರ್ಟಿನಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಅಡ್ಡಗೆರೆ, ಪಕ್ಕದಲ್ಲಿ ಸರಿಯಾದದ್ದು, ಗಂಟೆ, ಸಹಿ. ಮೂರೂ ಸೊನ್ನೆಗಳ ಮೇಲೆ ಗೆರೆ ಎಳೆದೆ. 'ಎಸೆತ ಸರಿ. ತಪ್ಪು ಬರೆದದ್ದು ನಾನು' ಎಂದು ಬರೆದೆ.

"ಇದಕ್ಕೆ ಕಾಲಂ ಇಲ್ವಲ್ಲ ಸಿಸ್ಟರ್" ಎಂದರು ರವಿ.

ಸ್ಕೇಲ್ ತೆಗೆದು ಮೂರನೆಯ ಕಾಲಂ ಎಳೆದೆ. ಒಂಬತ್ತು ಗಂಟೆ ಹತ್ತು ನಿಮಿಷ ಎಂದು ಬರೆದು ಸಹಿ ಹಾಕಿ ಹಾಳೆ ಅವರ ಕೈಗಿಟ್ಟೆ.

ಹೆಸರು ಕಳಿಸುವಾಗ ಅವರು ಯಾವ ಕಾಲಂ ನೋಡುತ್ತಾರೆ?