ಎರಡನೆಯ ಜ್ವರ

ಬೀದಿಯವರೆಲ್ಲ ಅವನನ್ನು ಬ್ರಶ್ಶಣ್ಣ ಎನ್ನುತ್ತಿದ್ದರು. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ನಲವತ್ತೆರಡನೆಯ ವಯಸ್ಸಿನಲ್ಲಿ ಏಣಿ ಜಾರಿ ಬಿದ್ದ. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮದುವೆಯಾಗಿರಲಿಲ್ಲ. ಹೊಲಿಗೆ ಮಾಡಿಕೊಂಡು ಒಂಟಿಯಾಗಿದ್ದ ಅಕ್ಕ ಅವನನ್ನು ತನ್ನ ಎರಡು ಕೋಣೆಯ ಮನೆಗೆ ಕರೆತಂದಳು.

ಮೂತ್ರ ತಾನಾಗಿ ಹೋಗುತ್ತಿರಲಿಲ್ಲ. ದಿನಕ್ಕೆ ಐದು ಸಲ ಕ್ಯಾಥೆಟರ್ ಎಂಬ ತೆಳ್ಳನೆಯ ಪೈಪು ಒಳಗಿಳಿಸಿ ತೆಗೆಯಬೇಕು. ಮೊದಮೊದಲು ಅಕ್ಕ ಮುಖ ತಿರುಗಿಸಿಕೊಂಡೇ ಕೈಗೆ ಪೈಪು ಕೊಡುತ್ತಿದ್ದಳು. ಬರಬರುತ್ತ ನಾಚಿಕೆ ಇಬ್ಬರನ್ನೂ ಬಿಟ್ಟುಹೋಯಿತು. ಸಲಕ್ಕೊಂದು ಹೊಸ ಪೈಪು ಬೇಕೆಂದು ಡಾಕ್ಟರು ಬರೆದುಕೊಟ್ಟರು. ವಿಮೆಯವರು ತಿಂಗಳಿಗೆ ನಾಲ್ಕೇ ಕೊಟ್ಟರು. ತೊಳೆದು ಮತ್ತೆ ಬಳಸಬೇಕಂತೆ. ಅಕ್ಕ ಸೋಪುನೀರಲ್ಲಿ ತೊಳೆದು, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಒಣಗಿಸಿದಳು. ಆದರೂ ನಾಲ್ಕನೆಯ ತಿಂಗಳು ಅವನಿಗೆ ಚಳಿಜ್ವರ ಬಂತು. ಮೂತ್ರದ ಸೋಂಕೆಂದು ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಿತು.

ಅಕ್ಕ ವಿಮೆ ಆಫೀಸಿಗೆ ಹೋದಳು. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಹೇಳಿದ: "ವರ್ಷದೊಳಗೆ ಎರಡು ಸಲ ಸೋಂಕಾಗಿರ್ಬೇಕಮ್ಮ. ಆಮೇಲೆ ಸಲಕ್ಕೊಂದು ಪೈಪು ಮಂಜೂರಾಗುತ್ತೆ."

"ಅಂದ್ರೆ ಅವನು ಇನ್ನೊಂದ್ಸಲ ನರಳ್ಲಿ ಅಂತ ನಾನು ಕಾಯ್ಬೇಕಾ?"

"ನಾನು ಮಾಡಿದ ರೂಲ್ಸ್ ಅಲ್ಲಮ್ಮ."

ಮನೆಯಲ್ಲಿ ತಮ್ಮ ಹೊಟ್ಟೆ ಹಿಡಿದು ನಕ್ಕ. "ಎರಡು ತಗೊಂಡ್ರೆ ಒಂದು ಫ್ರೀ ಅಂತ ಎಷ್ಟು ಬೋರ್ಡು ಬರ್ದಿದೀನಿ ಅಕ್ಕಾ! ಈಗ ನನ್ನ ಸರದಿ. ಎರಡು ಜ್ವರಕ್ಕೆ ಪೈಪು ಫ್ರೀ!"

ಮೂರು ತಿಂಗಳ ಮೇಲೆ ಅವನ ಮೈ ಮತ್ತೆ ಕೆಂಡವಾಯಿತು. ಥರ್ಮಾಮೀಟರು ನೂರಮೂರು ತೋರಿಸಿದಾಗ ಅಕ್ಕನ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ, ಸಮಾಧಾನ. ಅಬ್ಬ, ಎರಡಾಯಿತು! ಮರುಗಳಿಗೆಯೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅದನ್ನು ಅವಳು ತಮ್ಮನಿಗೆ ಕೊನೆಗೂ ಹೇಳಲಿಲ್ಲ.

ಅವನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದ. ಅಕ್ಕ ಕಾಗದಗಳನ್ನೆಲ್ಲ ಹೊತ್ತೊಯ್ದಳು. ಗುಮಾಸ್ತ ಹಾಳೆಗಳನ್ನು ಎರಡೆರಡು ಸಲ ತಿರುವಿದ.

"ಮೊದಲನೇ ಜ್ವರಕ್ಕೆ ಮೂತ್ರ ಪರೀಕ್ಷೆ ರಿಪೋರ್ಟೇ ಇಲ್ವಲ್ಲಮ್ಮ. ಬರೀ ಮಾತ್ರೆ ಚೀಟಿ ನಡೆಯಲ್ಲ. ಇದು ಒಂದೇ ಅಂತ ಆಗುತ್ತೆ."

ಮೂರನೆಯ ಜ್ವರಕ್ಕೆ ರಿಪೋರ್ಟು, ಸಹಿ, ಮೊಹರು ಎಲ್ಲ ಇದ್ದವು. ಆದರೆ ನಂಜು ಮೂತ್ರಪಿಂಡಕ್ಕೇರಿ ರಕ್ತಕ್ಕಿಳಿದಿತ್ತು. ಎಂಟನೆಯ ದಿನ ಮಧ್ಯಾಹ್ನ, ಅಕ್ಕ ತುಟಿಗೆ ನೀರು ಮುಟ್ಟಿಸುತ್ತಿದ್ದಾಗಲೇ ತಮ್ಮ ಹೋಗಿಬಿಟ್ಟ.

ತಿಂಗಳಾದ ಮೇಲೆ, ಫೈಲು ಮುಚ್ಚಲು ಸಹಿ ಬೇಕೆಂದು ಆಫೀಸಿನಿಂದ ಕರೆ ಬಂತು. ಅವಳನ್ನು ಕಂಡು ಗುಮಾಸ್ತ ಎದ್ದು ನಿಂತ, ಪೆನ್ನು ಚಾಚಿದ. ಅಕ್ಕ ಸಹಿ ಹಾಕಿದಳು. ಅವಳ ಹಿಂದೆ, ಹೆಂಡತಿಯ ಔಷಧಚೀಟಿ ಹಿಡಿದ ಮುದುಕರೊಬ್ಬರು ನಿಂತಿದ್ದರು. ಅದರಲ್ಲೂ ಪೈಪಿನ ಹೆಸರೇ ಇತ್ತು.

"ಮೊದಲನೇ ಜ್ವರಕ್ಕೇ ಪರೀಕ್ಷೆ ಮಾಡಿಸ್ಬೇಕು ಅಂತ ಇವರಿಗೆ ಹೇಳಿ," ಎಂದಳು ಅಕ್ಕ.

"ಹೇಳ್ತೀನಮ್ಮ."

"ಈಗ್ಲೇ ಹೇಳಿ. ನಾನು ಕೇಳಿಸ್ಕೊಂಡೇ ಹೋಗ್ತೀನಿ."

ಗುಮಾಸ್ತ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದನ್ನೇ ಬಿಡಿಸಿ ಹೇಳಿದ. ಅವರಿಗೆ ಕಿವಿ ಮಂದ, ಮತ್ತೆ ಹೇಳಿದ. ಅಲ್ಲಿಯವರೆಗೂ ಅಕ್ಕ ನಿಂತೇ ಇದ್ದಳು.