ಉತ್ತರದ ಮೂಲೆಯ ಏಳು ಬಟ್ಟಲು

ಕಳೆದ ತಿಂಗಳು ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ, ಕಟ್ಟುತ್ತಿದ್ದ ಒಂದು ವಸತಿಗೃಹದ ಮುಂದೆ ಲಾರಿಯಿಂದ ಕಬ್ಬಿಣದ ಪೈಪುಗಳನ್ನು ಇಳಿಸುತ್ತಿದ್ದರು. ಬಿಸಿಲಿಗೆ ಕಾದ ತುಕ್ಕು, ಅದರ ಮೇಲೆ ಸುಟ್ಟ ಎಣ್ಣೆಯ ಜಿಡ್ಡು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸ್ಸಿಗೆ ಹೊತ್ತಾಯಿತೆಂಬುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಚಾಚಾ ಹತ್ತಿರ ಬಂದರೆ ಇದೇ ವಾಸನೆ ಬರುತ್ತಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿದ ನಾನು ಬಾಗಲಕೋಟೆಯ ನವನಗರದಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ. ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದು, ಜನ ಬಾಗಿಲು ಕಿಟಕಿಗಳನ್ನೂ ಕಿತ್ತುಕೊಂಡು ನವನಗರಕ್ಕೆ ಬರುತ್ತಿದ್ದ ಕಾಲ. ಎತ್ತ ನೋಡಿದರೂ ಕಟ್ಟಡ ಏಳುತ್ತಿತ್ತು. ನಮ್ಮದು ಎತ್ತರದ ಸಭಾಂಗಣವಿದ್ದ ಒಂದು ಸಮುದಾಯ ಭವನ. ಹುನಗುಂದದಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದೆ. ಉಸುಕು, ಖಡಿಕಲ್ಲು ಹೊರಲು ಹೆಣ್ಣಾಳುಗಳಿದ್ದರು. ಇಂಜಿನಿಯರ್ ಅನ್ನಿಸಿಕೊಂಡ ಹೆಣ್ಣು ನಾನೊಬ್ಬಳೇ. ಸೂಪರ್‌ವೈಸರ್ ನನಗೊಂದು ಕುರ್ಚಿ, ಒಂದು ರಜಿಸ್ಟರ್ ಕೊಟ್ಟು ಬೇವಿನ ಗಿಡದ ನೆರಳಿಗೆ ಕೂಡಿಸಿದ್ದರು. ಮೇಲಿನದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಸಹಿ ಮಾಡಿದರೆ ಸಾಕು ಎಂದಿದ್ದರು. ನನಗೂ ಅದು ಹಿತವಾಗಿಯೇ ಇತ್ತು. ಎತ್ತರವೆಂದರೆ ಕಾಲು ನಡುಗುವ ಹುಡುಗಿ ನಾನು.

ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ಅವರು, ಕಟ್ಟಡಕ್ಕೆ ಆಸರೆಯ ಸಾರವೆ ಕಟ್ಟುವ ತಂಡದ ಹಿರಿಯರು. ಇಳಕಲ್ಲಿನವರು. ಐವತ್ತೈದು ದಾಟಿತ್ತು, ಗಿಡ್ಡ ಆಳು, ಬಿಳಿ ಗಡ್ಡ, ಸೊಂಟದ ಪಟ್ಟಿಯಲ್ಲಿ ಸದಾ ಒಂದು ಸುತ್ತಿಗೆ. ಮೊದಲಿನಿಂದಲೂ ಬೊಂಬು, ಹಗ್ಗದ ಕೆಲಸ ಅವರದು. ನಾನು ಸೇರಿದ ತಿಂಗಳಲ್ಲೇ ಹುಬ್ಬಳ್ಳಿಯಿಂದ ಬಾಡಿಗೆಗೆ ಹೊಸ ಮಾದರಿಯ ಕಬ್ಬಿಣದ ಸಾರವೆ ಬಂತು. ಎಲ್ಲ ಒಂದೇ ಅಳತೆಯ ತುಂಡುಗಳು. ನಿಲ್ಲುವ ಪೈಪಿಗೆ ಅರ್ಧ ಮೀಟರಿಗೊಂದರಂತೆ ಬಟ್ಟಲಿನಂಥ ಹಿಡಿಕೆ. ಅಡ್ಡ ಪೈಪಿನ ತುದಿಯನ್ನು ಅದರಲ್ಲಿ ಕೂಡಿಸಿ, ಮೇಲಿನ ಬಟ್ಟಲನ್ನು ಕವುಚಿ, ತಿರುಗಿಸಿ, ಸುತ್ತಿಗೆಯಿಂದ ಬಡಿದರೆ ಬಿಗಿ. ಹಗ್ಗ ಬೇಡ, ಗಂಟು ಬೇಡ. ತಂಡದವರು ಇದೇನು ಮಕ್ಕಳ ಆಟಿಕೆ ಎಂದು ನಕ್ಕರು. ಚಾಚಾ ನಗಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ನೆಲದ ಮೇಲೆ ಕೂತು, ಎರಡು ಪೈಪುಗಳನ್ನು ಜೋಡಿಸಿ ಬಿಚ್ಚಿ, ಮತ್ತೆ ಜೋಡಿಸಿ ನೋಡಿದರು. ಹೇಗಿದೆ ಎಂದು ಕೇಳಿದೆ.

"ಚಲೋ ಐತ್ರಿ. ಆದ್ರ ಹಗ್ಗ ಸಡಿಲಾದ್ರ ಕಣ್ಣಿಗೆ ಕಾಣ್ತೈತಿ. ಇದು ಕಬ್ಬಿಣ. ಬಿಗಿ ಇದ್ರೂ ಅದ ಮಾರಿ, ಸಡಿಲ ಇದ್ರೂ ಅದ ಮಾರಿ."

ಒಂದು ದಿನ ತಪಾಸಣೆಯ ಕಾಗದಕ್ಕೆ ನಾನು ನೆರಳಿನಲ್ಲೇ ಕೂತು ಸಹಿ ಮಾಡುತ್ತಿದ್ದಾಗ ಅವರು ಪಕ್ಕಕ್ಕೆ ಬಂದು ನಿಂತರು. ಮೇಲೆ ಹೋಗಿ ನೋಡಿದಿರಾ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಹೆದರಿಕೆ ಆಗುತ್ತದೆ ಎಂದೆ.

"ಇರ್ಲಿ ಬಿಡ್ರಿ, ನನಗೂ ಐತಿ. ಹೆದರಿಕಿ ಇಲ್ಲದವ್ನ ನಾ ಮ್ಯಾಲ ಏರಿಸೂದಿಲ್ಲ" ಎಂದರು. ಓಢಣಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಹೇಳಿ, ತಾವು ಮುಂದೆ ಏರಿದರು. ಕೆಳಗೆ ಯಾರೋ ಕಿಸಕ್ಕನೆ ನಕ್ಕ. ಚಾಚಾ ಅವನನ್ನು ಆ ದಿನ ಇಟ್ಟಿಗೆ ಹೊರಲು ಕಳಿಸಿದರು.

ಮೊದಲ ದಿನ ಸಾರವೆಯ ಒಂದೇ ಅಂತಸ್ತು ಏರಿದೆ. ವಾರದ ಕೊನೆಗೆ ಎರಡು. ಮೂರು ಕಡೆ ಊರಿಕೊಂಡೇ ನಾಲ್ಕನೆಯದನ್ನು ಸರಿಸಬೇಕು, ಎರಡು ಕೈ ಎರಡು ಕಾಲಲ್ಲಿ ಒಂದೇ ಒಂದು ಗಾಳಿಯಲ್ಲಿರಬೇಕು ಎಂದು ಕಲಿಸಿದರು. ಆಮೇಲೆ ಕಿವಿಯಿಂದ ನೋಡುವುದನ್ನು ಕಲಿಸಿದರು. ಸಣ್ಣ ಸುತ್ತಿಗೆಯಿಂದ ಪ್ರತಿ ಬಟ್ಟಲಿಗೂ ಒಂದೊಂದು ಪೆಟ್ಟು. ಬಿಗಿಯಿದ್ದದ್ದು ಟಣ್ ಎನ್ನುತ್ತಿತ್ತು. ಸಡಿಲಿದ್ದದ್ದು ನೆಗಡಿ ಹಿಡಿದವರ ಹಾಗೆ ಮಂಕಾಗಿ ಕೂಗುತ್ತಿತ್ತು. ಎರಡು ತಿಂಗಳಲ್ಲಿ ನಾನು ಕುರ್ಚಿಯಲ್ಲಿ ಕೂಡುವುದನ್ನೇ ಬಿಟ್ಟಿದ್ದೆ.

ಸಭಾಂಗಣದ ಸ್ಲ್ಯಾಬ್ ಹಾಕುವ ದಿನ ಬಂತು. ಹಸಿ ಕಾಂಕ್ರೀಟಿನ ಭಾರವನ್ನೆಲ್ಲ ಹೊರಬೇಕಾದದ್ದು ಕೆಳಗಿನ ಸಾರವೆಯೇ. ಕೂಲಿಗಳು ಬಂದಿದ್ದರು, ಮಿಕ್ಸರ್ ಯಂತ್ರ ಗುಡುಗುಡು ಶುರುವಾಗಿತ್ತು, ಸಿಮೆಂಟ್ ಚೀಲಗಳನ್ನು ಒಡೆಯುವುದೊಂದೇ ಬಾಕಿ. ಕೊನೆಯ ಸಲ ನೋಡಿ ಬರುತ್ತೇನೆಂದು ನಾನು ಸುತ್ತಿಗೆ ಹಿಡಿದು ಸಾರವೆಯೊಳಗೆ ಏರಿದೆ. ಉತ್ತರದ ಮೂಲೆಯಲ್ಲಿ, ಮೂರನೇ ಅಂತಸ್ತಿನಲ್ಲಿ ಒಂದು ಬಟ್ಟಲು ಮಂಕಾಗಿ ಕೂಗಿತು. ಅದರ ಪಕ್ಕದ್ದೂ. ಎಣಿಸಿದೆ... ಏಳು. ಅಲ್ಲಿ ಬೆಳಕು ಕಡಿಮೆ. ಹಿಂದಿನ ಸಂಜೆ ಆ ಮೂಲೆಯನ್ನು ಬಿಗಿ ಮಾಡಿದವರು ಚಾಚಾ.

ಎರಡನ್ನು ನಾನೇ ಬಡಿದು ಬಿಗಿ ಮಾಡಿದೆ. ಉಳಿದ ಐದನ್ನೂ ಬಡಿದು ಸುಮ್ಮನೆ ಇಳಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೈ ನಿಂತಿತು. ಕೆಲವು ದಿನಗಳಿಂದ ಚಾಚಾ ಟೇಪಿನ ಅಳತೆ ಓದಲು ಬೇರೆಯವರನ್ನು ಕರೆಯುತ್ತಿದ್ದುದು ನೆನಪಾಯಿತು. ಇಲ್ಲಿ ಏಳು ತಪ್ಪಿದ್ದರೆ ಅವರು ಕೂಡಿಸಿದ ಬೇರೆ ಕಡೆ ಎಷ್ಟು ತಪ್ಪಿವೆಯೋ? ಎಲ್ಲವನ್ನೂ ಮತ್ತೆ ನೋಡಬೇಕು. ಅಂದರೆ ಇವತ್ತು ಸ್ಲ್ಯಾಬ್ ಇಲ್ಲ. ಅಂದರೆ ಚಾಚಾ ತಪ್ಪು ಮಾಡಿದರು ಎಂದು ಎಲ್ಲರೆದುರು ಹೇಳಬೇಕು. ನನ್ನನ್ನು ಕೈಹಿಡಿದು ಮೇಲೇರಿಸಿದವರನ್ನು...

ಇಳಿದು ಬಂದು ಅವರನ್ನು ನೀರಿನ ಟಾಕಿಯ ಹಿಂದೆ ಕರೆದೆ. ಕೇಳಿದ್ದನ್ನು ಹೇಳಿದೆ. ಅವರು ಯಾವ ಮೂಲೆ, ಯಾವ ಅಂತಸ್ತು ಎಂದಷ್ಟೇ ಕೇಳಿದರು. ತಾವೇ ಏರಿದರು. ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ ಬೆರಳಿನಿಂದ ಒಂದೊಂದನ್ನೂ ಮುಟ್ಟಿದರು. ಇಳಿಯಲು ಬಹಳ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಸೂಪರ್‌ವೈಸರಿಗೆ ಸುಳಿವು ಸಿಕ್ಕಿತ್ತು. ಅವರು ನನ್ನ ಮೇಲೆ ಏರಿ ಬಂದರು. ನಿನ್ನೆ ಮೊನ್ನೆ ಕಾಲೇಜು ಬಿಟ್ಟವರಿಗೆ ಇದರಲ್ಲಿ ಏನು ತಿಳಿಯುತ್ತದೆ, ಚಾಚಾ ಬಡಿದದ್ದು ಸಡಿಲಾಗುವುದುಂಟೇ ಎಂದರು. ಸುತ್ತ ನಿಂತವರೆಲ್ಲ ಚಾಚಾ ಅವರ ಮುಖ ನೋಡಿದರು. ಅವರು 'ಎಲ್ಲಾ ಸರಿ ಐತಿ' ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನನ್ನು ಯಾರೂ ನಂಬುತ್ತಿರಲಿಲ್ಲ.

"ಇವತ್ತ ಕಾಂಕ್ರೀಟ್ ಬ್ಯಾಡ್ರಿ" ಎಂದರು ಚಾಚಾ. "ತಪ್ಪು ನಂದು. ಪೆಟ್ಟು ಎಲ್ಲಿ ಬಿತ್ತೋ ನನ್ನ ಕಣ್ಣಿಗೆ ಕಾಣ್ಲಿಲ್ಲ, ತಿರುಗಿ ತಟ್ಟಿ ಕೇಳ್ಲೂ ಇಲ್ಲ, ಈ ಮೇಡಂ ಕಿವಿಗೆ ಕೇಳಿಸ್ತು. ಎಲ್ಲಾ ತಿರುಗಿ ನೋಡ್ಬೇಕು. ಅವ್ರ ನೋಡ್ಲಿ, ನಾ ಕೆಳಗ ನಿಲ್ತೇನಿ."

ಮಿಕ್ಸರ್ ನಿಂತಿತು. ಸಂಜೆಯವರೆಗೂ ನಾನು ಮತ್ತು ತಂಡದ ಇಬ್ಬರು ಸಾರವೆಯನ್ನೆಲ್ಲ ಜಾಲಾಡಿದೆವು. ಚಾಚಾ ಬಿಸಿಲಲ್ಲಿ ಕೆಳಗೆ ನಿಂತು, ಯಾವ ಸಾಲು ಮುಗಿಯಿತು, ಯಾವುದು ಉಳಿಯಿತು ಎಂದು ಕೂಗಿ ಕೂಗಿ ಹೇಳುತ್ತಿದ್ದರು. ಇನ್ನೂ ನಾಲ್ಕು ಸಿಕ್ಕವು. ಎಲ್ಲ ಅವರು ಬಡಿದವೇ. ಮರುದಿನ ಸ್ಲ್ಯಾಬ್ ಬಿತ್ತು, ಏನೂ ಆಗಲಿಲ್ಲ. ಆ ಹನ್ನೊಂದು ಸಡಿಲವಿದ್ದರೂ ಸಾರವೆ ನಿಲ್ಲುತ್ತಿತ್ತೇನೋ. ಗೊತ್ತಿಲ್ಲ. ಗೊತ್ತಾಗದೆ ಹೋದದ್ದಕ್ಕೇ ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ. ಸ್ಲ್ಯಾಬ್ ಹಾಕುವಾಗ ಅದರ ಮೇಲೆ ಮೂವತ್ತು ನಲವತ್ತು ಜನರಿದ್ದರು.

ಚಾಚಾ ಮತ್ತೆ ಮೇಲೇರಲಿಲ್ಲ. ಆ ಕೆಲಸ ಮುಗಿಯುವವರೆಗೆ ಕೆಳಗೆ ನಿಂತು ಹುಡುಗರಿಗೆ ಹೇಳಿಕೊಟ್ಟು, ಆಮೇಲೆ ಇಳಕಲ್ಲಿಗೆ ಹೋಗಿಬಿಟ್ಟರು. ನನ್ನಿಂದ ಅವರ ಅನ್ನ ಹೋಯಿತು ಎಂಬ ಸಂಕಟ ನನ್ನೊಳಗೆ ಉಳಿಯಿತು. ಹೋಗುವ ದಿನ ಅದನ್ನೇ ತೊದಲಿದಾಗ ಅವರು, ಕಣ್ಣು ಹೋದದ್ದು ನಿಮ್ಮಿಂದ ಅಲ್ಲವಲ್ಲ ಎಂದು ನಕ್ಕು, ಮಾತು ಮುಗಿಸಿದ್ದರು.

ಐದಾರು ವರ್ಷದ ನಂತರ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನಗೆ ಮದುವೆಯಾಗಿತ್ತು, ಮಗುವಾಗಿತ್ತು, ಒಂದು ಆಫೀಸಿನಲ್ಲಿ ಮೇಜಿನ ಕೆಲಸ. ಸಾರವೆ ಏರಿ ಮೂರು ವರ್ಷ ದಾಟಿತ್ತು. ಮುಖ ಗುರುತು ಹತ್ತದಿದ್ದರೂ ದನಿಯಿಂದ ಹಿಡಿದರು. ಎರಡೂ ಕೈ ಹಿಡಿದುಕೊಂಡು ಮನೆಯ ಕ್ಷೇಮ ಕೇಳಿದರು. ಕೊನೆಗೆ, "ಈಗೂ ಏರ್ತೀ ಏನು ಬೇಟಿ?" ಎಂದರು. ಮೊದಲ ಸಲ ಬೇಟಿ ಎಂದದ್ದು.

"ಏರ್ತೇನಿ ಚಾಚಾ" ಎಂದುಬಿಟ್ಟೆ.

ಆ ಸುಳ್ಳು ನನ್ನನ್ನು ನಿದ್ದೆಗೆಡಿಸಿತು. ತಿಂಗಳೊಳಗೆ ಸೈಟಿನ ಕೆಲಸ ಕೇಳಿ ಪಡೆದೆ. ಏರುವಾಗ ಮೊದಲಿನಂತೆಯೇ ಕಾಲು ನಡುಗಿತು, ಏರಿದೆ. ಚಾಚಾಗೆ ಹೋಗಿ ಹೇಳಬೇಕೆಂದುಕೊಂಡೆ. ಈ ವಾರ, ಮುಂದಿನ ವಾರ ಎನ್ನುತ್ತ ವರ್ಷಗಳು ಕಳೆದವು. ಹಳೇ ತಂಡದವನೊಬ್ಬ ಸಿಕ್ಕು ಅವರು ಹೋದ ಸುದ್ದಿ ಹೇಳಿದಾಗ, ಆಗಲೇ ಎರಡು ತಿಂಗಳಾಗಿತ್ತು.

ಆ ಭಾನುವಾರ ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಸೊಸೆ ಚಾಪೆ ಹಾಸಿ ಚಹಾ ಕೊಟ್ಟಳು. ಕಣ್ಣು ಪೂರ್ತಿ ಮಂಜಾದ ಮೇಲೆ ಮಾವನನ್ನು ಮಾಳಿಗೆ ಹತ್ತಲೂ ಬಿಡುತ್ತಿರಲಿಲ್ಲವಂತೆ. ಮೆಟ್ಟಿಲ ಬುಡದಲ್ಲೇ ಕೂತಿರುತ್ತಿದ್ದರಂತೆ. ನಾನು ಯಾರೆಂದು ಹೇಳಿ, ಬಸ್‌ಸ್ಟ್ಯಾಂಡಿನ ಸುಳ್ಳನ್ನೂ ಹೇಳಿದೆ.

"ಅವ್ರಿಗೆ ಗೊತ್ತಿತ್ರಿ" ಎಂದಳು. "ಮನಿಗೆ ಬಂದು ಅಂದ್ರು, ಆಕಿ ಅಂಗೈ ಮೆತ್ತಗಾಗ್ಯಾವು, ಏರೂದು ಬಿಟ್ಟಾಳ ಅಂತ. ಹಂಗಾರ ಸುಳ್ಳ್ಯಾಕ ಹೇಳಿದ್ಲು ಅಂತ ನಾ ಕೇಳಿದ್ನಿ. ನಾಚಿಕಿ ಐತಲ್ಲ, ಮತ್ತ ಏರ್ತಾಳ ಬಿಡು ಅಂದ್ರು."

ಈಗ ನನಗೂ ವಯಸ್ಸಾಗುತ್ತ ಬಂತು. ಮೊಣಕಾಲು ನೋಯುತ್ತದೆ, ಕನ್ನಡಕ ಎರಡು ಸಲ ಬದಲಾಗಿದೆ. ಇನ್ನೂ ಏರುತ್ತೇನೆ, ಕಂಡದ್ದಕ್ಕಷ್ಟೇ ಸಹಿ ಮಾಡುತ್ತೇನೆ. ಇಷ್ಟನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಇಳಕಲ್ಲು ಅಷ್ಟೇನೂ ದೂರವಿರಲಿಲ್ಲ...