ಹೊತ್ತು ಮುಳುಗಿದ ಮೇಲೆ ಹಚ್ಚಿದ ಒಲೆ

ನೂಲ ಎಂಬ ಊರಿನ ರತ್ನಮಾಲಾಬಾಯಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗಿಟ್ಟವಳಲ್ಲ. ಜೈನರ ಮನೆ. ಕತ್ತಲಲ್ಲಿ ಒಲೆ ಹಚ್ಚಿದರೆ ಬೆಳಕಿಗೆ ಬಂದ ಹುಳಹುಪ್ಪಟೆ ಬೆಂಕಿಗೆ ಬಿದ್ದು ಸಾಯುತ್ತವೆ, ಆ ಪಾಪ ಬೇಡವೆಂದು ನೇಮ. ಗಡಹಿಂಗ್ಲಜದ ಸಂತೆಯಲ್ಲಿ ಅರ್ಧ ಆಯುಷ್ಯ ಖಾರಪುಡಿ ಮಾರಿದಳು. ಗಿರಾಕಿ ಎಷ್ಟೇ ನಿಂತಿರಲಿ, ಸೂರ್ಯ ವಾಲಿದನೆಂದರೆ ತಕ್ಕಡಿ ಬದಿಗಿಟ್ಟು ಬುತ್ತಿ ಬಿಚ್ಚುತ್ತಿದ್ದಳು. ಗಂಡ ಬೇಗ ಹೋದ. ಹೆಣ್ಣುಮಕ್ಕಳ ಮದುವೆ ಆ ಪುಡಿಯಲ್ಲೇ ಆಯಿತು. ಸರಕು ನಾಲಿಗೆಗೂ ಸ್ವಲ್ಪ ಅಂಟಿಕೊಂಡಿದೆ ಎಂದು ಸಂತೆಯವರು ಹೇಳುತ್ತಾರೆ.

ಇಂಥವಳ ಅಂಗಳಕ್ಕೆ, ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ತುಂಬಿದ ವರ್ಷ, ಒಂದು ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ದಂಡು ಬಂತು. ದೇಶ ಹುಟ್ಟಿದ ಕಥೆಯನ್ನು ಹಿರಿಯರ ಬಾಯಿಂದ ಕೇಳಿ, ಅದು ನಡೆದ ಊರಲ್ಲೇ ನಾಟಕ ಆಡುವ ಯೋಜನೆಯಂತೆ. ಮುಂದಾಳು ಪ್ರಿಯದರ್ಶನಿ ಎಂಬ ಹುಡುಗಿ ಮೊಬೈಲು ಮುಂದೆ ಹಿಡಿದಳು.

"ಅಜ್ಜಿ, ನಿಮ್ಮ ತಂದಿಯವರು ಸ್ವಾತಂತ್ರ್ಯ ಸೈನಿಕರಂತಲ್ಲರಿ. ಅವರ ಬಗ್ಗೆ ಹೇಳ್ರಿ."

"ಅಪ್ಪನ ಹೆಸರು ಕಲ್ಲಿನ ಮ್ಯಾಲ ಕೆತ್ತ್ಯಾರ, ಹೋಗಿ ಓದಕೋರಿ. ನಮ್ಮವ್ವನ ಸುದ್ದಿ ಕೇಳ್ರಿ."

ಈವರೆಗೆ ಯಾರೂ ಕೇಳಿರಲಿಲ್ಲ. ಅವಳೇ ಹೇಳಿದಳು. ನಲವತ್ತೆರಡರ ಚಳವಳಿಯಲ್ಲಿ ಭೂಗತರಾದ ಹುಡುಗರು ಅವಳ ತವರೂರು ಹಲಕರ್ಣಿಯ ಹೊಲಗಳಲ್ಲಿ ಅಡಗಿದ್ದರು. ಹಗಲು ಬ್ರಿಟಿಷರ ಪರವಾಗಿ ಊರಿನ ಪಾಟೀಲ ಮನೆಮನೆಯ ಅಡುಗೆಮನೆಗೆ ಹಣಿಕಿ ಹಾಕುತ್ತಿದ್ದ. ಬುಟ್ಟಿಯಲ್ಲಿ ಜೋಳದ ಭಕ್ರಿ ಹೆಚ್ಚು ಕಂಡರೆ ಅಪ್ಪನಿಗೆ ಕೋಳ ಗ್ಯಾರಂಟಿ. ಹಾಗಾಗಿ ಅವ್ವ ಕತ್ತಲಾದ ಮೇಲೆ ಒಲೆ ಹಚ್ಚುತ್ತಿದ್ದಳು.

"ಒಲ್ಯಾಗ ಬಿದ್ದ ಹುಳಾ ಆರಿಸಿ ಆರಿಸಿ ತಗದು ಅಳತಿದ್ಲವಾ ಅಕೀ. ಭಕ್ರಿ ಬಡಿಯೂದು ಮಾತ್ರ ನಿಲ್ಲಸಲಿಲ್ಲ."

ಸ್ವಾತಂತ್ರ್ಯ ಬಂತು. ಅಪ್ಪನಿಗೆ ಹಾರ ಬಂತು. ಅವ್ವನಿಗೆ ಬಂದದ್ದು ಬೇರೆ ತಾಟು, ಬೇರೆ ತಂಬಿಗೆ, ದನದ ಕೊಟ್ಟಿಗೆಯ ಒಂದು ಮೂಲೆ. ನೇಮ ಕೆಡಿಸಿದವಳು ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದು ಅತ್ತೆಯ ಅಪ್ಪಣೆ. ಅತ್ತೆ ಸತ್ತ ಮೇಲೂ ಅಪ್ಪಣೆ ಸಾಯಲಿಲ್ಲ. ಒಲೆಯ ಬಳಿ ಬರಬಾರದವಳು ಹಾಸಿಗೆಯ ಬಳಿ ಬರಬಹುದಿತ್ತು ಎನ್ನುವುದಕ್ಕೆ ಆಮೇಲೆ ಹುಟ್ಟಿದ ತಮ್ಮ ಜಿನಗೊಂಡನೇ ಸಾಕ್ಷಿ.

ಪ್ರಿಯದರ್ಶನಿಯ ಕಣ್ಣು ಒದ್ದೆಯಾಗಿತ್ತು. "ಇದನ್ನ ನಾಟಕಾ ಮಾಡ್ತೀವ್ರಿ ಅಜ್ಜಿ. ಹೆಸರು ಸುದ್ದಾ ಹೇಳ್ತೀವಿ."

"ಅಕ್ಕಾತಾಯಿ ಅಂತ. ಮರೀಬ್ಯಾಡ್ರಿ ಮತ್ತ."

ತವರೂರಿನ ಜನರೆದುರು ಆ ಹೆಸರು ಒಂದು ಸಲ ಗಟ್ಟಿಯಾಗಿ ಕೇಳಬೇಕು. ರತ್ನಮಾಲಾಬಾಯಿಗೆ ಉಳಿದಿದ್ದ ಆಸೆ ಅದೊಂದೇ.

ನಾಟಕದ ದಿನ ಹಲಕರ್ಣಿಯಲ್ಲಿ, ತಮ್ಮ ಜಿನಗೊಂಡ ಇರುವ ತವರಿನ ವಾಡೆಮನೆಯ ಮುಂದೆ ಮಂಟಪ ಎದ್ದಿತ್ತು. ಖರ್ಚು ಅವನದೇ. ಅವಳು ಹೊತ್ತಿರುವಾಗಲೇ ಬುತ್ತಿ ಮುಗಿಸಿ ಎದುರಿನ ಸಾಲಲ್ಲಿ ಕುಳಿತಳು. ಪರದೆ ಸರಿಯಿತು. ಹಿಂದೆ ರಟ್ಟಿನ ಸೂರ್ಯ, ಗಾಡಿಯ ಗಾಲಿಯಷ್ಟು ದೊಡ್ಡದು. ಅದರ ಕೆಳಗೆ ಕುಳಿತು ಪ್ರಿಯದರ್ಶನಿ ಭಕ್ರಿ ಬಡಿಯುತ್ತಿದ್ದಳು.

"ಹೊತ್ತು ಮುಳುಗೂದ್ರಾಗ ಮಾಡಿ ಮುಚ್ಚಿಡ್ತೇನಿ! ದೇಶಾನೂ ಉಳೀಬೇಕು, ಧರ್ಮಾನೂ ಉಳೀಬೇಕು!"

ಚಪ್ಪಾಳೆಯೋ ಚಪ್ಪಾಳೆ. ಭೂಗತನ ವೇಷದ ನಿಖಿಲ ತಣ್ಣನೆಯ ಭಕ್ರಿ ತಿಂದು "ಧನ್ಯ, ವೀರಮಾತೆ!" ಎಂದು ಕಾಲಿಗೆ ಬಿದ್ದ. ಮಾತೆಗೆ ಹೆಸರಿರಲಿಲ್ಲ. ಕೊಟ್ಟಿಗೆ ನಾಟಕದಲ್ಲಿ ಎಲ್ಲೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನ ಇತಿಹಾಸವನ್ನೂ ಸೋಸಿ ಕುಡಿಸುತ್ತಿತ್ತು. ರತ್ನಮಾಲಾಬಾಯಿ ಎದ್ದು ಪರದೆಯ ಹಿಂದೆ ಹೋದಳು.

ಪ್ರಿಯದರ್ಶನಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ತಡವರಿಸಿದಳು. "ಜಿನಗೊಂಡ ಕಾಕಾರು ಒಪ್ಪಲಿಲ್ರಿ ಅಜ್ಜಿ. ಮಂಟಪ ಅವರದು, ಊಟಾ ಅವರದು. ಜರಾ ಹೊಂದಿಸಿಕೊಂಡ ಹೋಗ್ರಿ ಅಂತ ನಮ್ಮ ಸರ್ ಅಂದ್ರು. ರಿಪೋರ್ಟಿನ್ಯಾಗ ಮಾತ್ರ ಖರೇದನ್ನ ಹಾಕ್ತೀವ್ರಿ."

"ರಿಪೋರ್ಟ ಯಾರ ಓದ್ತಾರ?"

"ಸರ್ ಓದ್ತಾರ್ರಿ."

"ಅವರಿಗೆ ಮೊದಲ ಗೊತ್ತೈತಲ್ಲವಾ!"

ಅಷ್ಟರಲ್ಲಿ ಸತ್ಕಾರಕ್ಕೆ ಅವಳ ಹೆಸರು ಕೂಗಿದರು. ವೇದಿಕೆ ಹತ್ತಿದವಳೇ ಮೈಕು ಕಸಿದುಕೊಂಡಳು.

"ನಮ್ಮವ್ವ ರಾತ್ರೀನ ಒಲಿ ಹಚ್ಚಿದ್ಲು! ಅಕೀ ಹೆಸರು..."

ಸ್ಪೀಕರಿನಿಂದ ದೇಶಭಕ್ತಿಗೀತೆ ಹಾರಿಬಂತು. ಕೆಳಗೆ ಹಾಡಿನ ಮಷೀನಿನ ಬಳಿ ನಿಖಿಲ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಸನ್ನೆ ಮಾಡಿದ ಜಿನಗೊಂಡನ ಬೆರಳು ಇನ್ನೂ ಮೇಲಿತ್ತು. ಹಾಡಿನ ಗೌರವಕ್ಕೆ ಜನ ಎದ್ದು ನಿಂತರು. ಹೆಗಲಿಗೆ ಹೊದಿಸಬೇಕಾದ ಶಾಲನ್ನು ಯಾರೋ ಬಾಯಿಯವರೆಗೂ ಸುತ್ತಿದರು.

ಇಳಿದು ವಾಡೆಯ ಹಿಂಭಾಗಕ್ಕೆ ಬಂದರೆ, ಕತ್ತಲಲ್ಲಿ ದೊಡ್ಡ ದೀಪದ ಕೆಳಗೆ ಕಡಾಯಿ ಕುದಿಯುತ್ತಿತ್ತು. ದೀಪಕ್ಕೆ ಬಂದ ಹುಳಗಳು ಪಟಪಟ ಎಣ್ಣೆಗೆ ಬೀಳುತ್ತಿದ್ದವು. ಅಡುಗೆಯವನು ತೂತಿನ ಸೌಟಿನಿಂದ ಅವನ್ನೆತ್ತಿ ಚೆಲ್ಲಿ, ಅದೇ ಸೌಟಿನಿಂದ ಪೂರಿ ತಿರುವುತ್ತಿದ್ದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಜಿನಗೊಂಡ ಓಡಿಬಂದ.

"ಊಟಕ್ಕ ಪಾಹುಣ್ಯಾರು ಬಂದಾರ ಅಕ್ಕಾ, ಬಿಸಿದು ಬೇಕಲ್ಲ. ಮತ್ತ ಇದೇನ ನಮ್ಮ ಒಲಿ ಅಲ್ಲ. ಕ್ಯಾಟರಿಂಗದವರ ಗ್ಯಾಸ್."

"ಗ್ಯಾಸಿನ್ಯಾಗ ಸತ್ತ ಹುಳಾ ನೆಟ್ಟಗ ಮೋಕ್ಷಕ್ಕ ಹೋಕ್ಕಾವೇನೋ?"

"ಕಾಲ ಬದಲಾಗೇತಿ. ಈಗ ಯಾರು ಇದನ್ನೆಲ್ಲಾ ನೋಡ್ತಾರ ಅಕ್ಕಾ?"

"ಯಾರೂ ನೋಡೂದಿಲ್ಲಂದ್ರ ಅವ್ವನ್ನ ಯಾಕ ಮುಚ್ಚಿಟ್ಟಿ?"

ಜಿನಗೊಂಡ ಸುತ್ತ ನೋಡಿ ದನಿ ಇಳಿಸಿದ. "ಮೊಮ್ಮಗಳ ಲಗ್ನದ ಸೋಯರಿಕಿ ನಡದೇತಿ. ಗಂಡಿನ ಕಡೆ ಮಂದಿ ಮುಂದಿನ ಸಾಲಿನ್ಯಾಗ ಕುಂತಾರ. ಭಾಳ ಕಟ್ಟುನಿಟ್ಟಿನ ಮಂದಿ."

"ಈ ಪೂರಿ ಯಾರಿಗೆ?"

ಜಿನಗೊಂಡ ಪೂರಿಯ ಕಡೆ ನೋಡಿದ. ಕಟ್ಟುನಿಟ್ಟಿನ ಮಂದಿಯ ಮಕ್ಕಳು ಆಗಲೇ ತಾಟು ಹಿಡಿದು ಸಾಲು ನಿಂತಿದ್ದರು.

"ಥೂ," ಎಂದಳು ರತ್ನಮಾಲಾಬಾಯಿ. ಶಾಲು ಕಿತ್ತು ಅಡುಗೆಯವನ ಹೆಗಲಿಗೆಸೆದಳು. "ಕೈ ಒರಸಿಕೋ ತಮ್ಮಾ."

ಗಡಹಿಂಗ್ಲಜದ ಬಸ್ಸು ಸಿಕ್ಕಿತು. ಪಕ್ಕದ ಹೆಂಗಸು ಜಾಗ ಕೊಡುತ್ತ ಕೇಳಿದಳು, "ಎಲ್ಲಿಗೆ ಹೋಗಿದ್ರಿ ಆಜಿ?"

"ತವರಮನಿಗೆ. ನಮ್ಮವ್ವನ್ನ ಇನ್ನೊಮ್ಮೆ ಕೊಟ್ಟಿಗ್ಯಾಗ ಕುಂಡ್ರಿಸ್ಯಾರ, ನೋಡಿ ಬಂದೆ."

ಹೆಂಗಸು ಗಾಬರಿಯಾದಳು. ರತ್ನಮಾಲಾಬಾಯಿ ಭಕ್ರಿ, ಹುಳ, ತಾಟು, ಪೂರಿ ಯಾವುದನ್ನೂ ಬಿಡದೆ, ಸಂತೆಯಲ್ಲಿ ಕೂಗಿ ಪಳಗಿದ ಗಂಟಲಲ್ಲಿ ಹೇಳುತ್ತ ಹೋದಳು. ಕಂಡಕ್ಟರ್ ತಿರುಗಿ, ಮೆಲ್ಲಗೆ ಮಾತಾಡಿ ಎಂದು ಮರಾಠಿಯಲ್ಲಿ ಗದರಿದ.

"ಆಜಿ, ಜರಾ ಹಳೂ ಬೋಲಾ."

"ಹಳೂ ಹೇಳಿ ಹೇಳಿ ಮುದುಕಿ ಆದೆ. ಅಕೀ ಹೆಸರು ಅಕ್ಕಾತಾಯಿ!"

ಮುಂದಿನ ಸೀಟಿನವನು ಕಿವಿಗೆ ಇಯರ್‌ಫೋನ್ ತುರುಕಿಕೊಂಡ. ಅವಳು ಅವನ ಭುಜ ತಟ್ಟಿ, ಅದನ್ನು ತೆಗೆಸಿ, ಮೊದಲಿಂದ ಶುರುಮಾಡಿದಳು.